ಮಂಜೂರಾತಿ ಪತ್ರ ಬರುವ ತನಕ

"ರೀ! ಅಲ್ಲೇ ನಿಂತ್ಕಳ್ರಿ! ಒಂದ್ ಹೆಜ್ಜೆ ಮುಂದಿಡಬೇಡ್ರಿ!"

ಅನುಸೂಯ ಬೆಚ್ಚಿ ನಿಂತಳು. ತಲೆಯ ಮೇಲೆ ತೊಲೆ ಕಿರ್ರೆಂದಿತು. ಯಾರೋ ಅವಳ ತೋಳು ಹಿಡಿದು ಹೊರಗೆಳೆದರು. ಅವಳು ನಿಂತಿದ್ದ ಜಾಗಕ್ಕೆ ಹೆಂಚು, ಮಣ್ಣು ದಬದಬನೆ ಬಿದ್ದವು!

"ಬ್ಯಾಂಕಿನೋರ ಮನೆ ಇದು. ಇಲ್ಲೇನ್ ಮಾಡ್ತಿದ್ರಿ?" ಅಳತೆ ಟೇಪು ಹಿಡಿದ ಯುವಕ ಗದರಿದ.

"ನಾನ್... ಇದನ್ನ ತಗಳಾಕೆ ಅರ್ಜಿ ಹಾಕೀನಿ..."

"ಓ, ಸಾಲ ಕೇಳಿರೋರು ನೀವೇನಾ? ನಾನು ರಂಗೇಶ್, ಸಾಲ ಕೊಡೋ ಸೊಸೈಟಿ ಕಡೆ ಇಂಜಿನಿಯರ್. ಧೈರ್ಯ ಐತೆ ಬಿಡ್ರಿ ನಿಮಗೆ!"

ಧೈರ್ಯ! ಅವಳ ಹತ್ತಿರ ಇಲ್ಲದ್ದೇ ಅದು. ಎದೆ ಹೊಡೆದುಕೊಳ್ಳುತ್ತಿದ್ದದ್ದು ಬಿದ್ದ ಹೆಂಚಿಗೋ, ಇನ್ನೂ ತೋಳು ಬಿಡದ ಆ ಕೈಗೋ... ಪಾಪ, ಅವಳಿಗೇ ತಿಳಿಯಲಿಲ್ಲ.

ತಾಯಿ ಶಾಂತಕ್ಕ ಬಬ್ಬೂರಿನ ಸರ್ಕಾರಿ ಕೃಷಿ ಫಾರಂನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿದ್ದಳು. ತಿಂಗಳ ಕೊನೆಗೆ ಕ್ವಾರ್ಟರ್ಸ್ ಬಿಡಬೇಕು. ನರ್ಸ್ ಅನುಸೂಯಳ ಸಂಬಳಕ್ಕೆ ಎಟುಕುವ ಮನೆ ಇಡೀ ಹಿರಿಯೂರಿನಲ್ಲಿ ಇದೊಂದೇ. ಬ್ಯಾಂಕ್ ಜಪ್ತಿ ಮಾಡಿಕೊಂಡು ಮಾರಾಟಕ್ಕಿಟ್ಟಿದ್ದ, ಅರ್ಧ ಕುಸಿದ ಮನೆ.

ಮರುದಿನ ಬ್ಯಾಂಕ್ ಮ್ಯಾನೇಜರ್ ಅವಳು ಕೊಟ್ಟ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಮ್ಮನ ಸ್ತ್ರೀಶಕ್ತಿ ಸಂಘದ ಠರಾವು ಅದು. 'ಅನುಸೂಯಳಿಗೆ ಹಣ ಕಡಿಮೆ ಬಿದ್ದರೆ ನಾವಿದ್ದೇವೆ' ಎಂಬ ಒಕ್ಕಣೆ, ಹದಿನೆಂಟು ಸಹಿ, ಎರಡು ಹೆಬ್ಬೆಟ್ಟು, ದುಂಡನೆಯ ಸೀಲು!

"ಇದು ಆಶೀರ್ವಾದ ಕಣಮ್ಮ, ದುಡ್ಡಿಗೆ ಪುರಾವೆ ಅಲ್ಲ. ಸಾಲ ಮಂಜೂರಾದ ಪತ್ರ ತರ್ರಿ, ಶುಕ್ರವಾರ ನಾಲ್ಕು ಗಂಟೆ ಒಳಗೆ. ಇನ್ನೊಬ್ರೂ ಈ ಮನೆ ಕೇಳ್ಯವ್ರೆ."

ಇನ್ನೊಬ್ಬರು! ಅವಳು ಹೊರಬಂದವಳೇ ಫೋನ್ ತೆಗೆದಳು.

ಸಾಲ ಕೇಳಿದ್ದ ಚಿತ್ರದುರ್ಗದ ಸೊಸೈಟಿಗೆ ಫೋನ್ ಮಾಡಿದರೆ ಗುಮಾಸ್ತರು ತಣ್ಣಗೆ ಹೇಳಿದರು: "ರಂಗೇಶ್ ಸಾರ್ 'ವಾಸಕ್ಕೆ ಯೋಗ್ಯವಲ್ಲ' ಅಂತ ಬರ್ದವ್ರೆ ಕಣಮ್ಮ. ಕಮಿಟಿ ಏನಂತದೋ ನೋಡಾಣ."

ಗುಮಾಸ್ತರಿಂದಲೇ ನಂಬರ್ ಪಡೆದು ರಂಗೇಶನಿಗೆ ಕರೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು... ಎತ್ತಲಿಲ್ಲ!

'ಆ ಇನ್ನೊಬ್ಬ ಇವನೇ! ನನ್ನ ಸಾಲ ತಪ್ಪಿಸಿ ತಾನೇ ಕೊಂಡುಕೊಳ್ಳಲು ಹೊರಟಿದ್ದಾನೆ...' ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಮನೆ ಹೋಗುತ್ತದೆಂಬ ಹೆದರಿಕೆ ಒಂದು ಕಡೆ. ಅವನು ಅಂಥವನಾಗಿಬಿಟ್ಟರೆ ಎಂಬ ಹೆದರಿಕೆ ಅದಕ್ಕಿಂತ ಹೆಚ್ಚು.

ಶುಕ್ರವಾರ ಮಧ್ಯಾಹ್ನ ಸೊಸೈಟಿಯ ಬೆಂಚಿನ ಮೇಲೆ ಕುಳಿತಿದ್ದಳು. ಗುಮಾಸ್ತರು ಲಕೋಟೆ ಹಿಡಿದು ಬಂದರು.

"ಮಂಜೂರಾಗೈತೆ! ಖರೀದಿಗೂ, ರಿಪೇರಿಗೂ. ವಾಸಕ್ಕೆ ಆಗಲ್ಲ ಅಂತ ಬರ್ದು, ರಿಪೇರಿ ಖರ್ಚಿನ ಪಟ್ಟೀನೂ ಹಚ್ಚವ್ರೆ ಸಾರ್. ಚೆನ್ನಾಗೈತೆ ಅಂತ ಸುಳ್ಳು ಬರ್ದಿದ್ರೆ, ರಿಪೇರಿಗೆ ಸಾಲ ಸಿಗ್ದೆ, ಮನೆ ತಗಂಡು ಸೂರಿಲ್ದೆ ಕುಂತ್ಕಂತಿದ್ರಿ."

ಅನುಸೂಯ ಬಸ್ಸಿಗೆ ಓಡಿದಳು. ಹಿರಿಯೂರಿನ ಬ್ಯಾಂಕ್ ತಲುಪಿದಾಗ ನಾಲ್ಕಕ್ಕೆ ಎಂಟೇ ನಿಮಿಷ! ಮ್ಯಾನೇಜರ್ ಪತ್ರ ಓದಿ ಠಸ್ಸೆ ಒತ್ತಿದರು. "ಆ ಇನ್ನೊಬ್ರು ಸಾಹುಕಾರ್ರು, ಬಾಯಿಮಾತು ಸಾಕು ಅಂದ್ಕಂಡವ್ರೆ. ಕಾಗದಾನೇ ತರ್ಲಿಲ್ಲ. ಮನೆ ನಿಮ್ದೇ."

ಕಣ್ಣೊರೆಸಿಕೊಂಡು ಹೊರಬಂದರೆ ಗೇಟಿನ ಬಳಿ ರಂಗೇಶ್ ನಿಂತಿದ್ದ.

"ಆರು ಸಲ ಫೋನ್ ಮಾಡ್ದೆ ನಿಮಗೆ..." ಎಂದಳು ಅವಳು.

"ಏಳು. ಎಣಿಸ್ಕಂಡು ಕುಂತಿದ್ದೆ. ಸಾಲ ಮಂಜೂರಾಗೋ ತನಕ ಸಾಲ ಕೇಳಿದೋರ ಜತೆ ನಾವು ಮಾತಾಡಂಗಿಲ್ಲ. ಅದ್ರಾಗೂ ನಿಮ್ ಜತೆ..."

"ನನ್ ಜತೆ ಏನು?"

"ಹುಡುಗಿ ಮೇಲೆ ಮನಸ್ಸಿಟ್ಟು ವರದಿ ಬರ್ದ ಅಂತ ಯಾರಾದ್ರೂ ಅಂದಿದ್ರೆ, ನಿಮ್ ಸಾಲ ಅಲ್ಲೇ ನಿಂತೋಗ್ತಿತ್ತು. ಅದಕ್ಕೇ ಬಾಯಿ ಹೊಲ್ಕಂಡಿದ್ದೆ."

ಅವಳ ಮುಖ ಕೆಂಪಾಯಿತು. "ನಾನ್ ನಿಮ್ಮನ್ನ ಮೋಸಗಾರ ಅಂದ್ಕಂಡಿದ್ದೆ..."

"ಈಗ?"

"ಈಗ ಇನ್ನೊಂದು ಹೆದ್ರಿಕೆ. ಕೆಲಸ ಮುಗೀತು ಅಂತ ಹೊರಟೋಗ್ತೀರೇನೋ..."

ರಂಗೇಶ್ ಕೈ ಚಾಚಿದ.

"ನಿಮ್ಮಮ್ಮನ್ ಹತ್ರ ಹೆಣ್ಣು ಕೇಳಾಕೆ ಹೋಗಾಣ. ಒಬ್ನೇ ಹೋಗಾಕೆ ನಂಗೂ ಭಯ ಐತೆ... ಜತೆಗೆ ಬರ್ತೀರಾ?"

"ಬರ್ತೀನಿ," ಎಂದಳು ಅನುಸೂಯ.