ಹನ್ನೊಂದನೇ ದೋಷ ಮತ್ತು ನೀಲಿ ತಂತಿ

ಜನವರಿ 14, ಬೆಳಿಗ್ಗೆ 8.20. ಹೆಂಡತಿಯ ಒಂದು ಬೂಟು ಹಿಡಿದುಕೊಂಡೇ ಬೊಲೊತ್ ಬಿಷ್ಕೆಕ್‌ನ ಠಾಣೆಗೆ ಬಂದ.

"ನಿನ್ನೆ ಸಂಜೆ ಆರು ಹತ್ತು ಸಾರ್. ಐದನೇ ಮಹಡೀಲಿ ಲಿಫ್ಟ್ ಬಾಗಿಲು ತೆಗೀತು. ಬುರ್ಮಾ ಕಾಲಿಟ್ಟಳು. ಒಳಗೆ ಲಿಫ್ಟೇ ಇರ್ಲಿಲ್ಲ."

ಇನ್‌ಸ್ಪೆಕ್ಟರ್ ತಾಲಾಯ್ ಎಫ್‌ಐಆರ್ ಬರೆದ. ಸಂಖ್ಯೆ 41. ಬರೆಯುವಾಗ ಬೂಟಿನ ಕಡೆ ನೋಡಲಿಲ್ಲ.

11 ಗಂಟೆಗೆ ಮಹಜರು. ಲಿಫ್ಟ್ ನಡೆಸುವ ಪೆಟ್ಟಿಗೆ ಮೂರು ತಿಂಗಳ ಹಿಂದಿನದು. ತಪಾಸಣಾ ಕಮಿಷನ್ನಿನ ಮುದ್ರೆ ಹಾಗೇ ಇತ್ತು. ತೆರೆಸಿದರೆ, ಒಳಗಿನ ಬೋರ್ಡಿನಲ್ಲಿ ನೀಲಿ ತಂತಿಯ ಎರಡು ಮೊಂಡು ತುದಿ. ನಡುವೆ ತಂತಿಯೇ ಇಲ್ಲ.

"ಇಲಿ ಕಡಿದಿರ್ಬೇಕು ಸಾರ್," ಎಂದ ಕಾನ್‌ಸ್ಟೇಬಲ್ ಕುಬಾತ್.

"ಇಲಿ ಕತ್ತರಿ ಇಟ್ಕೊಂಡಿರತ್ತೇನೋ? ಮುದ್ರೆ ಹಾಕೋ ಮುಂಚೆಯೇ ಕತ್ತರಿಸಿದಾರೆ. ನಡಿ, ಈ ಪೆಟ್ಟಿಗೆ ತಯಾರಿಸಿದ ಕಾರ್ಖಾನೆಗೆ."

ಅಲ್ಲಿ ಬೆಸುಗೆ ವಿಭಾಗ ನೋಡಿಕೊಳ್ಳುತ್ತಿದ್ದವಳು ಐವತ್ನಾಲ್ಕರ ಜೂರಾ. ವಯಸ್ಸಿಗೆ ಎಲ್ಲರಿಗೂ ಅಕ್ಕ, ಹಾಗಾಗಿ ಎಲ್ಲರೂ ಎಜೆ ಎನ್ನುತ್ತಿದ್ದರು.

"ಈ ತಂತಿ ಯಾಕೆ ಎಜೆ?" ಎಂದ ತಾಲಾಯ್.

"ಚಿಪ್ಪಿನ ದೋಷಕ್ಕೆ. ಈ ಮೈಕ್ರೋಕಂಟ್ರೋಲರ್ ಮಾಡಿದೋರೇ ದೋಷಗಳ ಪಟ್ಟಿ ಕೊಟ್ಟಿದಾರೆ. ಇದು ಹನ್ನೊಂದನೇದು. ಕರೆಂಟು ಮೆಲ್ಲಗೆ ಇಳಿದು ಮತ್ತೆ ಏರಿದ್ರೆ ಚಿಪ್ಪು ಹೊಸದಾಗಿ ಶುರುವಾಗಲ್ಲ, ಮಂಕು ಹಿಡಿದ ಹಾಗೆ ನಿಂತುಬಿಡತ್ತೆ. ಲಿಫ್ಟ್ ಎಲ್ಲಿದೆ ಅನ್ನೋದೇ ಮರೆತು ಬಾಗಿಲು ತೆಗೀತದೆ. ಪಕ್ಕದಲ್ಲಿ ಒಂದು ಕಾವಲು ಚಿಪ್ಪು ಇಟ್ಟು ತಂತಿ ಕೊಟ್ರೆ, ಅದು ಇದನ್ನ ತಟ್ಟಿ ಎಬ್ಬಿಸತ್ತೆ."

"ಕರೆಂಟು ಯಾವಾಗ ಇಳಿಯತ್ತೆ?"

"ಚಳಿಗಾಲ. ಸಂಜೆ ಆರಕ್ಕೆ ಊರಿಗೆ ಊರೇ ಹೀಟರ್ ಹಾಕತ್ತೆ."

"ಕತ್ತರಿಸಿದ್ದು ಯಾರು?"

"ನನಗೆ ಗೊತ್ತಿಲ್ಲ."

ಅದೇ ಸರಕಿನ ಪೆಟ್ಟಿಗೆಗಳು ಏಳು ಕಟ್ಟಡಗಳಿಗೆ ಹೋಗಿದ್ದವು. ಪಟ್ಟಿಯ ಮೂರನೇ ವಿಳಾಸಕ್ಕೆ ಬಂದು ತಾಲಾಯ್‌ನ ಬೆರಳು ನಿಂತಿತು. ಅಲ್ಲಿ ಎಂಟನೇ ಮಹಡಿಯಲ್ಲಿ ಅವನ ತಾಯಿ ಇದ್ದಳು. ದಿನಾ ಆರಕ್ಕೆ ಬಿಸಿ ರೊಟ್ಟಿ ತರಲು ಇಳಿಯುವವಳು. ಗಡಿಯಾರದಲ್ಲಿ 5.25.

ಫೋನು ಮಾಡಿದ. ಎತ್ತಲಿಲ್ಲ. ಏಳೂ ಕಡೆ ಲಿಫ್ಟ್ ನಿಲ್ಲಿಸಲು ಕುಬಾತ್‌ಗೆ ಹೇಳಿ ಓಡಿದ. ದಾರಿಯುದ್ದಕ್ಕೂ ಒಂದೊಂದೇ ಕಿಟಕಿಯಲ್ಲಿ ದೀಪ ಹತ್ತುತ್ತಿತ್ತು. ಒಂದೊಂದು ದೀಪದ ಹಿಂದೆಯೂ ಒಂದು ಹೀಟರ್.

6.04. ಕಟ್ಟಡದ ದೀಪ ಕೆಂಪಗೆ ಕುಗ್ಗಿ ಮತ್ತೆ ಬೆಳಗಿತು. ಕೆಳಗೆ ಲಿಫ್ಟಿನ ಸ್ವಿಚ್ಚು ಆರಿಸಿ ಎಂಟು ಮಹಡಿ ಹತ್ತಿದ. ಲಿಫ್ಟಿನ ತೆರೆದ ಬಾಗಿಲ ಮುಂದೆ ತಾಯಿ ನಿಂತಿದ್ದಳು. ಒಳಗೆ ಬರೀ ಕಪ್ಪು, ತಣ್ಣನೆ ಗಾಳಿ.

"ಬಂದ್ಯಾ? ಕಣ್ಣು ಕಾಣಲ್ವಲ್ಲ, ಮೊದಲು ಕೋಲು ಊರೋದು ನನ್ನ ರೂಢಿ. ಊರಿದೆ, ನೆಲಾನೇ ಸಿಗ್ಲಿಲ್ಲ. ಕೋಲು ಕೆಳಗೆ ಹೋಯ್ತು ಕಣೋ. ಬಿದ್ದ ಸದ್ದು ಎಷ್ಟೋ ಹೊತ್ತಾದ ಮೇಲೆ ಬಂತು."

ಅವಳ ತೋಳು ಹಿಡಿದವನು ಬಹಳ ಹೊತ್ತು ಬಿಡಲಿಲ್ಲ.

7.15ಕ್ಕೆ ಕುಬಾತ್‌ನ ಫೋನು. "ಸಾರ್, ಪಟ್ಟಿಯ ಆರನೇ ಕಟ್ಟಡದಲ್ಲೇ ಜೂರಾ ಎಜೆ ಮನೆ. ಒಂಬತ್ತನೇ ಮಹಡಿ. ಅಕ್ಟೋಬರಿಂದ ಮೆಟ್ಟಿಲೇ ಹತ್ತತಾಳಂತೆ. ತೂಕ ಇಳಿಸೋಕೆ ಅಂತ ಪಕ್ಕದ ಮನೆಯೋರು ನಗ್ತಿದ್ರು."

ಅವಳ ಅಡುಗೆಮನೆಯಲ್ಲಿ ಕೈಬರಹದ ಮೂವತ್ತು ಕಾಗದ ಸಿಕ್ಕವು: ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಹತ್ತಿ. ದಿನಾ ಐದಕ್ಕೆ ತನ್ನ ಕಟ್ಟಡದ ಲಿಫ್ಟ್ ಬಾಗಿಲಿಗೆ ಒಂದು ಅಂಟಿಸುವಳು. ಲಿಫ್ಟ್ ಸರಿಯಿದೆಯಲ್ಲ ಎಂದು ಜನ ಕೀಳುವರು.

"ಕಮಿಷನ್ನು ಬರೋದಿತ್ತು," ಎಂದಳು ಜೂರಾ. "ಹೋದ ಸಲ ಬಂದೋರು ಹೊಸ ಬೋರ್ಡಿಗೆ ತೇಪೆ ಹಾಕಿದೀರಿ ಅಂತ ಅಷ್ಟನ್ನೂ ವಾಪಸ್ ಕಳಿಸಿದ್ರು. ಈ ಸಲ ಹಿಂದಿನ ದಿನ ಕತ್ತರಿಸಿದೆ. ಅವರು ಹೋದ ಮೇಲೆ ಬೆಸೆಯೋಣ ಅಂತ. ಅವತ್ತೇ ಮುದ್ರೆ ಹಾಕಿಬಿಟ್ರು. ಮುದ್ರೆ ಒಡೆದ್ರೆ ಜೈಲು ಅಂತಾರಲ್ಲ."

"ಉಳಿದ ಆರು ಕಟ್ಟಡಕ್ಕೆ ಕಾಗದ ಯಾಕೆ ಅಂಟಿಸ್ಲಿಲ್ಲ ಎಜೆ?"

"ಯಾರು ಅಂಟಿಸಿದ್ದು ಅಂತ ಕೇಳ್ತಿದ್ರು."

8.50ಕ್ಕೆ ದಸ್ತಗಿರಿ. ತಂತಿ ಏಕೆಂದು ಒಮ್ಮೆಯೂ ಕೇಳದೆ, ಅಂದ ನೋಡಿ ಸಹಿ ಹಾಕಿದ ಕಮಿಷನ್ನಿನ ಮೂವರು ದೊಡ್ಡ ಮನುಷ್ಯರ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿ ಸೇರಿದವು, ಆರೋಪಿಗಳ ಪಟ್ಟಿಯಲ್ಲಿ ಅಲ್ಲ.

ಕೊನೆಯ ಮಹಜರು ಅವಳ ಕಟ್ಟಡದ ಪೆಟ್ಟಿಗೆಯದು, ಅವಳ ಎದುರಿಗೇ. ಮುದ್ರೆ ಎಂದರೆ ಅಂಗೈಯಗಲದ ಕಾಗದ, ಮೈದಾ ಅಂಟು. ಕುಬಾತ್ ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಕೆರೆದ. ಹರಿಯದೆ, ಇಡಿಯಾಗಿ ಎದ್ದು ಬಂತು, ಮತ್ತೆ ಅಂಟಿಸಿದರೆ ಯಾರಿಗೂ ಗೊತ್ತಾಗದ ಹಾಗೆ.

ಜೂರಾ ಅದನ್ನೇ ನೋಡುತ್ತಾ ನಿಂತಳು.