ಮೈದಾನದ ಬಳುವಳಿ

ಚೆಂಡೆ!

ಅಶ್ವಿತಾ ಬೆಚ್ಚಿ ತಿರುಗಿದಳು. ವಾಗೆನಿಂಗನ್ನಿನ ರಗ್ಬಿ ಮೈದಾನದಲ್ಲಿ, ಈ ಕೊರೆಯುವ ಗಾಳಿಯಲ್ಲಿ, ಡಚ್ಚರ ಗದ್ದಲದ ನಡುವೆ ಚೆಂಡೆ ಬಾರಿಸುವ ಪುಣ್ಯಾತ್ಮ ಯಾರಪ್ಪಾ?

ಉಡುಪಿ ಹುಡುಗಿಗೆ ಆ ಸದ್ದು ಕೇಳಿ ಮೈ ಜುಮ್ಮೆಂದಿತು. ಮರುಕ್ಷಣವೇ ಸಿಟ್ಟೂ ಬಂತು. ಬಾರಿಸುತ್ತಿದ್ದವನು ಎದುರು ತಂಡದ ಅಭಿಮಾನಿ! ಹೂಫ್‌ಡಾರ್ಪಿನ ಪೋಲ್ಡರ್ ಕ್ಲಬ್ಬಿನ ಕಿತ್ತಳೆ ಮಫ್ಲರ್ ಸುತ್ತಿಕೊಂಡು, ಕಣ್ಣು ಮುಚ್ಚಿ, ಲೋಕವೇ ಮರೆತವನಂತೆ ಬಡಿಯುತ್ತಿದ್ದ.

ದಡದಡ ನಡೆದು ಹೋಗಿ ಅವನೆದುರು ನಿಂತಳು. ಸಿಟ್ಟಿನಲ್ಲಿ ತುಳುವೇ ಬಾಯಿಗೆ ಬಂತು. ಅವನು ಕಣ್ಣು ಬಿಟ್ಟ. ಕೋಲು ಗಾಳಿಯಲ್ಲೇ ನಿಂತಿತು.

"ಅಯ್ಯೋ... ನಮ್ಮೂರ ಬೈಗುಳ! ಕೇಳದೆ ಎಷ್ಟು ಕಾಲ ಆಗಿತ್ತು ಮಾರಾಯ್ರೆ! ಇನ್ನೊಮ್ಮೆ ಬೈತೀರಾ?"

"ತಮಾಷೆ ಸಾಕು. ನಿಮ್ಮ ಗದ್ದಲದಲ್ಲಿ ನಮ್ಮ ಹುಡುಗರಿಗೆ ಏನೂ ಕೇಳಿಸ್ತಾ ಇಲ್ಲ. ಇದು ನಮ್ಮ ಮೈದಾನ!"

"ಮೈದಾನಕ್ಕೆ ನಮ್ಮವರು, ಹೊರಗಿನವರು ಅಂತ ಉಂಟಾ? ಅಳತೆ ಎಲ್ಲ ಕಡೆ ಒಂದೇ. ಈ ತವರಿನ ಲಾಭ ಅನ್ನುವುದು ಸೋತವರು ಹೇಳುವ ನೆವ, ಅಷ್ಟೇ."

"ಹೌದಾ? ಕತ್ತಲಲ್ಲಿ ನಿಮ್ಮ ಮನೆಗೆ ಹೋದ್ರೆ ಕೈ ಸೀದಾ ಸ್ವಿಚ್ಚಿಗೆ ಹೋಗ್ತದೆ. ಬೇರೆಯವರ ಮನೆಯಲ್ಲಿ ಗೋಡೆ ಇಡೀ ತಡವಬೇಕು. ತವರಿನ ಲಾಭ ಅಂದ್ರೆ ಅದು!"

ಅವನು ಕೋಲು ಕೆಳಗಿಟ್ಟ. ಪಕ್ಕದಲ್ಲಿದ್ದ ಗೆಳೆಯ, ಮೈಸೂರಿನ ಅನಂತರಾಮ, ಬಾಯಿ ಹಾಕಿದ.

"ಗುರು, ಮೊದಲನೇ ಸಲ ನಿನ್ನ ಬಾಯಿ ಮುಚ್ಚಿಸಿದವರು ಇವರೇ. ಹೆಸರಾದ್ರೂ ಕೇಳೋ!"

ಅವನ ಹೆಸರು ವಿಖ್ಯಾತ್. ಮಂಗಳೂರಿನವನು, ಹೂಫ್‌ಡಾರ್ಪಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಶ್ವಿತಾ ವಾಗೆನಿಂಗನ್ನಿನಲ್ಲಿ ಹುಲ್ಲಿನ ಬೇರುಗಳ ಮೇಲೆ ಸಂಶೋಧನೆ ಮಾಡುವವಳು. ಊರಿನ ರೈನ್‌ಡೈಕ್ ಕ್ಲಬ್ಬಿನ ಮೈದಾನ ಆಟಕ್ಕೆ ಯೋಗ್ಯವೋ ಅಲ್ಲವೋ ಎಂದು ಹೇಳುವ ಹೊಣೆ ಅವಳದೇ.

ರಗ್ಬಿಯಲ್ಲಿ ಒಂದು ಚೆಂದದ ಪದ್ಧತಿಯಿದೆ ನೋಡಿ. ಆಟ ಮುಗಿದ ಮೇಲೆ, ಗೆಲ್ಲಲಿ ಸೋಲಲಿ, ಮನೆ ತಂಡದವರು ಬಂದವರಿಗೆ ಊಟ ಹಾಕಲೇಬೇಕು. ಅದಕ್ಕೆ 'ಮೂರನೇ ಅರ್ಧ' ಎನ್ನುತ್ತಾರೆ. ಆ ದಿನ ವಿಖ್ಯಾತನ ಬಟ್ಟಲಿಗೆ ಸೂಪ್ ಬಡಿಸಿದ್ದು ಅಶ್ವಿತಾಳೇ.

"ಒಂದು ಒಗ್ಗರಣೆ ಬಿದ್ದಿದ್ರೆ..." ಎಂದ ಅವನು ಮೆಲ್ಲಗೆ.

ಅವಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಂದ ಶುರು!

*

ಅಶ್ವಿತಾಳ ಅಪ್ಪ ಬ್ಯಾಂಕಿನವರು. ವರ್ಗಾವಣೆ ಬಂದಾಗಲೆಲ್ಲ ಗಂಟುಮೂಟೆ ಕಟ್ಟಿದ ಮನೆ ಅದು. 'ನಿಮ್ಮೂರು?' ಎಂದು ಕೇಳಿದರೆ ಉಡುಪಿ ಎನ್ನುತ್ತಿದ್ದಳು. ಆದರೆ ಉಡುಪಿಯಲ್ಲಿ ಅವಳು ಇದ್ದದ್ದು ಬರೀ ಬೇಸಿಗೆ ರಜೆಯಲ್ಲಿ. ಶಾಲೆಯಲ್ಲಿ ಯಾವಾಗಲೂ ಹೊಸ ಹುಡುಗಿ, ಯಾವಾಗಲೂ ಕೊನೆಯ ಬೆಂಚು.

ಅಂಥವಳಿಗೆ ಈ ದೂರದ ದೇಶದಲ್ಲಿ ಒಂದು ಜಾಗ ಸಿಕ್ಕಿತ್ತು. ಕ್ಲಬ್ಬಿನ ಅಡುಗೆಮನೆ ನೋಡಿಕೊಳ್ಳುವ ಹಾನೆಕೆ ಎಂಬ ಹಿರಿಯ ಹೆಂಗಸು ಒಂದು ದಿನ ಗೋಡೆಗೆ ಹೊಸ ಮೊಳೆ ಹೊಡೆದು, ಅಶ್ವಿತಾ ಎಂದು ಬರೆದ ನೀಲಿ ಮಗ್ ನೇತುಹಾಕಿದ್ದಳು.

"ಇಲ್ಲಿನವರಿಗೆಲ್ಲ ಒಂದೊಂದಿದೆ. ನಿನಗೂ ಬೇಡವೇ?" ಎಂದಿದ್ದಳು.

ಆ ದಿನ ಅಶ್ವಿತಾ ಸೈಕಲ್ ತುಳಿಯುತ್ತ ದಾರಿಯುದ್ದಕ್ಕೂ ಅತ್ತಿದ್ದಳು. ಒಂದು ಮಗ್ಗಿಗೆ ಅಷ್ಟು ಅಳುವುದೇ ಎನ್ನಬೇಡಿ. ಹತ್ತೂರು ಅಲೆದವರಿಗೆ ಗೊತ್ತು ಅದರ ಬೆಲೆ.

ವಸಂತದ ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು. ನದಿಯ ಏರಿಯ ಮೇಲೆ ನಡೆಯುತ್ತಿದ್ದಾಗ ವಿಖ್ಯಾತ್ ಮದುವೆಯ ಮಾತೆತ್ತಿದ. ಅವಳ ಎದೆ ಹೂವಾಯಿತು. ಅಷ್ಟರಲ್ಲಿ ಅವನು ಮುಂದುವರಿಸಿದ.

"ಆಮೇಲೆ ಹೂಫ್‌ಡಾರ್ಪಿನಲ್ಲೇ ಇರುವ. ನನ್ನ ಆಫೀಸು ಅಲ್ಲೇ ಅಲ್ವಾ? ನಿನಗೆ ಬಸ್ಸು, ಟ್ರೈನು ಎಲ್ಲ ಉಂಟು."

ಅವಳು ಬರೀ ಹೂಂಗುಟ್ಟಿದಳು. 'ಕೇಳಲೇ ಇಲ್ಲವಲ್ಲ... ಇನ್ನೊಂದು ವರ್ಗಾವಣೆ!' ಎಂದಿತು ಮನಸ್ಸು.

ಅದೇ ವಾರ ಸೆಮಿಫೈನಲ್ ಗೊತ್ತಾಯಿತು. ರೈನ್‌ಡೈಕ್ ವಿರುದ್ಧ ಪೋಲ್ಡರ್! ಸೋತವರು ಮನೆಗೆ. ಪಂದ್ಯ ವಾಗೆನಿಂಗನ್ನಿನಲ್ಲಿ.

ಎರಡೂ ಕಡೆ ಚರ್ಚೆಯೋ ಚರ್ಚೆ. ಅನಂತರಾಮ ಪೋಲ್ಡರ್ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಅಂಕಿಅಂಶ ಸುರಿದ. ನಾಕೌಟಿನಲ್ಲಿ ಮನೆ ತಂಡವೇ ಗೆಲ್ಲುವುದು ಎಂದ. ಮನೆಯಲ್ಲಿ ಆಡುವವರಿಗೆ ಭಯ ಜಾಸ್ತಿ, ತಮ್ಮವರೆದುರು ಸೋಲುವ ಭಯ ಎಂದರು ಇನ್ನು ಕೆಲವರು. ಇತ್ತ ಹಾನೆಕೆ, "ನಮ್ಮ ಕೆಸರು ನಮ್ಮ ಹುಡುಗರ ಕಾಲಿಗೆ ಗೊತ್ತು. ಅದೇ ನಮ್ಮ ಬಲ" ಎಂದು ಸೌಟು ಕುಟ್ಟಿದಳು.

ಆ ಕೆಸರೇ ಮುಳುವಾಯಿತು.

ವಾರವಿಡೀ ಜಡಿಮಳೆ. ಪಂದ್ಯಕ್ಕೆ ಕೆಲವೇ ದಿನ ಇರುವಾಗ ಅಶ್ವಿತಾ ಮೈದಾನ ನೋಡಲು ಹೋದಳು. ಉತ್ತರದ ಮೂಲೆಯಲ್ಲಿ ಹಿಮ್ಮಡಿ ಊರಿದರೆ ಸಾಕು, ನೀರು ಚಿಮ್ಮುತ್ತಿತ್ತು. ಹುಲ್ಲಿನ ಬೇರು ಮಣ್ಣಿನ ಹಿಡಿತ ಬಿಟ್ಟಿತ್ತು. ಎಂಟೆಂಟು ಮಂದಿ ತಲೆ ತಗ್ಗಿಸಿ, ಭುಜಕ್ಕೆ ಭುಜ ಕೊಟ್ಟು ದೂಡುವ ಸ್ಕ್ರಮ್ಮಿನಲ್ಲಿ ಅಲ್ಲಿ ಕಾಲು ಜಾರಿದರೆ? ಮುಂದಿನ ಸಾಲಿನವರ ಕುತ್ತಿಗೆಯ ಗತಿ?

'ಒಪ್ಪಿಗೆ ಅಂದುಬಿಡಲಾ? ಏನೂ ಆಗಲಿಕ್ಕಿಲ್ಲ...' ಕ್ಷಣ ಹಾಗನ್ನಿಸಿತು. ತಡೆಯಿತು ಮನಸ್ಸು.

"ಮೈದಾನ ನಪಾಸು" ಎಂದು ತಿಳಿಸಿಬಿಟ್ಟಳು. ನಿಯಮದಂತೆ ಪಂದ್ಯ ಎದುರಾಳಿಯ ಕೃತಕ ಹುಲ್ಲಿನ ಮೈದಾನಕ್ಕೆ ಹೋಯಿತು. ಹೂಫ್‌ಡಾರ್ಪಿಗೆ!

ವಿಖ್ಯಾತನಿಗೆ ಮೆಸೇಜ್ ಮಾಡಿದಳು. 'ಪಂದ್ಯ ನಿಮ್ಮಲ್ಲಿ. ನನಗೆ ತುಂಬ ಸಂಕಟ ಆಗ್ತಾ ಉಂಟು.'

ಅವನು ಆಗ ಗೆಳೆಯರ ನಡುವೆ ಇದ್ದ. ಸುದ್ದಿ ಕೇಳಿ ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದರು. "ನಿನ್ನ ಹುಡುಗಿ ನಮ್ಮನ್ನ ಉಳಿಸಿಬಿಟ್ಟಳು ಗುರು!" ಎಂದ ಅನಂತರಾಮ. ಆ ಅಮಲಿನಲ್ಲಿ ವಿಖ್ಯಾತ್ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬರೆದ. ಇಂಗ್ಲಿಷಿನಲ್ಲಿ, ಎಲ್ಲರಿಗೂ ತಿಳಿಯುವಂತೆ.

'ಅಳಿಯನಿಗೆ ಬರಿಗೈಯಲ್ಲಿ ಹುಡುಗಿ ಕೊಡ್ತಾರಾ? ಮೈದಾನವೇ ಬಳುವಳಿ!'

ನಮ್ಮವರಾದರೆ ನಕ್ಕು ಸುಮ್ಮನಾಗುತ್ತಿದ್ದರು. ಡಚ್ಚರಿಗೆ ಏನು ಗೊತ್ತು? ನಿಜವೆಂದೇ ನಂಬಿದರು! ಬಾಯಿಂದ ಬಾಯಿಗೆ ಹೋಗಿ ಮರುದಿನವೇ ಅದು ರೈನ್‌ಡೈಕ್ ತಲುಪಿತು.

ಅಶ್ವಿತಾ ಕ್ಲಬ್ಬಿಗೆ ಕಾಲಿಟ್ಟಳು. ಹಾನೆಕೆ ಕಾಫಿ ಕೊಟ್ಟಳು. ಪೇಪರ್ ಕಪ್ಪಿನಲ್ಲಿ! ನೀಲಿ ಮಗ್ ಗೋಡೆಯಲ್ಲೇ ತೂಗುತ್ತಿತ್ತು.

"ನಿಮ್ಮ ದೇಶದಲ್ಲಿ ಹುಡುಗಿ ಕಡೆಯವರು ಹುಡುಗನಿಗೆ ಏನಾದರೂ ಕೊಡಲೇಬೇಕಂತೆ, ಹೌದೇ?" ಎಂದಳು ಹಾನೆಕೆ, ಮುಖ ನೋಡದೆ. "ನಮ್ಮ ಮೈದಾನವೇ ಬೇಕಿತ್ತೇ ಅಶ್ವಿತಾ?"

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಯಾರೋ ಫೋನು ಹಿಡಿದು ತೋರಿಸಿದರು. ವಿಖ್ಯಾತನ ಹೆಸರು. ವಿಖ್ಯಾತನ ಸಾಲು. ಕೆಳಗೆ ಸಾಲುಸಾಲು ನಗುವ ಮುಖಗಳು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹೊರಗೆ ಬಂದು ಅವನಿಗೆ ಫೋನ್ ಮಾಡಿದಳು.

"ಅದು ತಮಾಷೆ ಅಲ್ವಾ ಅಶ್ವಿ..."

"ನನಗೆ ಇದ್ದದ್ದು ಒಂದೇ ತವರು ವಿಖ್ಯಾತ್! ಉಡುಪಿ ಅಲ್ಲ, ಇದು! ಅದನ್ನ ನೀನು ಬಳುವಳಿ ಅಂದೆ. ಮದುವೆ ಆದ ಮೇಲೆ ಎಲ್ಲಿರುವ ಅಂತ ಕೂಡ ನೀನು ಕೇಳಲಿಲ್ಲ. ಹೇಳಿದೆ, ಅಷ್ಟೇ. ಹುಡುಗಿ ಬರ್ತಾಳೆ, ಬರುವಾಗ ಏನಾದ್ರೂ ತರ್ತಾಳೆ... ಅಲ್ವಾ?"

"ಅಶ್ವಿ, ಒಂದು ನಿಮಿಷ..."

"ಸಾಕು. ಇನ್ನು ಫೋನ್ ಮಾಡ್ಬೇಡ."

ಅವನು ಮಾಡಲಿಲ್ಲ. ಮಾಡಲಿಲ್ಲವೆಂದೂ ಅವಳಿಗೆ ನೋವಾಯಿತು. ಪ್ರೀತಿಯ ಹಣೆಬರಹವೇ ಅಷ್ಟು ಬಿಡಿ!

*

ಪಂದ್ಯದ ಬೆಳಿಗ್ಗೆ ಅಶ್ವಿತಾ ಹಾಸಿಗೆಯಿಂದ ಏಳಲೇ ಇಲ್ಲ. 'ಯಾವ ಮುಖ ಇಟ್ಟುಕೊಂಡು ಹೋಗಲಿ? ಗೆದ್ದರೂ ನನ್ನವರಲ್ಲ, ಸೋತರೂ ನನ್ನದೇ ತಪ್ಪು...'

ಫೋನು ಬಡಿದುಕೊಂಡಿತು. ಹಾನೆಕೆ!

"ಎಲ್ಲಿದ್ದೀಯ? ಈರುಳ್ಳಿ ಹೆಚ್ಚೋಕೆ ಜನ ಇಲ್ಲ. ಬೇಗ ಬಾ."

"ಈರುಳ್ಳಿ? ಪಂದ್ಯ ಹೂಫ್‌ಡಾರ್ಪಿನಲ್ಲಿ ಅಲ್ವಾ? ಅಡುಗೆ ಅವರದ್ದು..."

"ಅಲ್ಲಿಗೇ ಬಾ ಅಂದೆ!"

ಬಸ್ಸು, ಟ್ರೈನು ಹಿಡಿದು ಹೋದಳು. ಪೋಲ್ಡರ್ ಕ್ಲಬ್ಬಿನ ಬಾಗಿಲಲ್ಲೇ ಅವಳ ಕಾಲು ನಿಂತುಹೋಯಿತು. ಮನೆ ತಂಡದ ಗ್ಯಾಲರಿಯ ತುಂಬ ರೈನ್‌ಡೈಕಿನ ಹಸಿರು! ಮನೆ ತಂಡದ ಕೋಣೆಯಲ್ಲಿ ರೈನ್‌ಡೈಕ್ ಹುಡುಗರು ಬೂಟು ಕಟ್ಟುತ್ತಿದ್ದಾರೆ. ಕಿತ್ತಳೆ ಮಫ್ಲರಿನವರೆಲ್ಲ ಎದುರಿನ ಬಯಲಿನಲ್ಲಿ, ನೆಂಟರಂತೆ ನಿಂತಿದ್ದಾರೆ.

ಅಡುಗೆಮನೆಯಲ್ಲಿ ಹಾನೆಕೆ ದೊಡ್ಡ ಪಾತ್ರೆಯ ಮುಂದೆ ನಿಂತಿದ್ದಳು.

"ನಿನ್ನ ಹುಡುಗ ನಮ್ಮಲ್ಲಿಗೆ ಬಂದಿದ್ದ," ಎಂದಳು. "ಒಬ್ಬನೇ. ಎಲ್ಲರೆದುರು ನಿಂತು ಹೇಳಿದ. 'ಅವಳು ನನಗೆ ಏನೂ ಕೊಟ್ಟಿಲ್ಲ. ನಿಮ್ಮ ಹುಡುಗರ ಕುತ್ತಿಗೆ ಉಳಿಸಿದ್ದಾಳೆ. ಕೆಟ್ಟ ತಮಾಷೆ ನನ್ನದು. ಬೈಯುವುದಿದ್ದರೆ ನನಗೆ ಬೈಯಿರಿ' ಅಂದ. ನಾವು ಬೈದೆವು. ಚೆನ್ನಾಗಿಯೇ ಬೈದೆವು! ಆಮೇಲೆ ತನ್ನ ಕ್ಲಬ್ಬಿನವರ ಜೊತೆ ಜಗಳ ಆಡಿ ಇದನ್ನೆಲ್ಲ ಬಿಡಿಸಿಕೊಟ್ಟಿದ್ದಾನೆ. ಗ್ಯಾಲರಿ, ಕೋಣೆ, ಅಡುಗೆಮನೆ. ಇವತ್ತು ನಾವೇ ಮನೆಯವರು. ಅವರಿಗೆ ಊಟ ಹಾಕುವವರೂ ನಾವೇ."

ಅಶ್ವಿತಾ ಚಾಕು ಹಿಡಿದು ಈರುಳ್ಳಿ ಎಳೆದುಕೊಂಡಳು.

ಹಾನೆಕೆ ಚೀಲಕ್ಕೆ ಕೈಹಾಕಿದಳು. ಪೇಪರಿನಲ್ಲಿ ಸುತ್ತಿದ್ದ ನೀಲಿ ಮಗ್ಗನ್ನು ಹೊರತೆಗೆದು ಕಾಫಿ ಸುರಿದಳು.

"ನಿನ್ನನ್ನು ಕೇಳದೆ ನಂಬಿಬಿಟ್ಟೆ. ತಪ್ಪಾಯಿತು ಮಗಳೇ."

ಇಬ್ಬರೂ ಅತ್ತರು. ಈರುಳ್ಳಿಯ ಮೇಲೆ ಗೂಬೆ ಕೂರಿಸಿದರು.

*

ಪಂದ್ಯ ನಡೆಯಿತು. ಕೊನೆಯ ಗಳಿಗೆಯಲ್ಲಿ ಪೋಲ್ಡರ್ ಗೆದ್ದಿತು. ರೈನ್‌ಡೈಕಿನ ಹುಡುಗರು ನೆಲಕ್ಕೆ ಕುಸಿದು ಕೂತರು. ಆದರೆ ಎಲ್ಲರ ಕುತ್ತಿಗೆಯೂ ನೆಟ್ಟಗಿತ್ತು.

"ನೋಡಿದ್ರಾ? ಮನೆಯವರೇ ಸೋತರು! ನನ್ನ ಅಂಕಿಅಂಶ, ತವರಿನ ಲಾಭ ಎಲ್ಲ ಸುಳ್ಳು!" ಎಂದು ಅನಂತರಾಮ ಸೂಪಿನ ಬಟ್ಟಲು ಹಿಡಿದು ವಾದ ಶುರುಮಾಡಿದ.

"ಸುಳ್ಳಲ್ಲ. ನೆಲ ನಿಮ್ಮದೇ ಅಲ್ಲವೇ? ನಿಮ್ಮ ಕಾಲಿಗೆ ಅದು ಗೊತ್ತಿತ್ತು," ಎಂದಳು ಹಾನೆಕೆ. ಆ ಚರ್ಚೆ ಇವತ್ತಿಗೂ ಮುಗಿದಿಲ್ಲ ಎನ್ನಿ.

ಅಶ್ವಿತಾಳಿಗೆ ಒಂದು ವಿಷಯ ಕಾಡುತ್ತಿತ್ತು. ಇಡೀ ಪಂದ್ಯದಲ್ಲಿ ಚೆಂಡೆಯ ಸದ್ದೇ ಕೇಳಿರಲಿಲ್ಲ.

ಅವನು ಹೊರಗೆ, ಬಯಲಿನ ಬೆಂಚಿನ ಮೇಲೆ ಕೂತಿದ್ದ. ಚೆಂಡೆ ಚೀಲದೊಳಗೇ ಇತ್ತು. ಅವಳು ಸೂಪಿನ ಬಟ್ಟಲು ಹಿಡಿದು ಹೋದಳು.

"ತಗೊ. ಬಂದವರಿಗೆ ಊಟ ಹಾಕುವುದು ನಮ್ಮ ಪದ್ಧತಿ."

ಅವನು ಒಂದು ಚಮಚ ಬಾಯಿಗಿಟ್ಟ. ಕಣ್ಣು ತುಂಬಿ ಬಂತು.

"ಒಗ್ಗರಣೆ ಹಾಕಿದ್ದೀಯ..."

"ಚೆಂಡೆ ಯಾಕೆ ಬಾರಿಸಲಿಲ್ಲ?"

"ನಿನ್ನ ಮನೆಯಲ್ಲಿ ನಿನ್ನ ಅಪ್ಪಣೆ ಇಲ್ಲದೆ ಹೇಗೆ ಬಾರಿಸಲಿ?" ತಲೆ ತಗ್ಗಿಸಿದ. "ಅಶ್ವಿ... ನಾನು ಹುಟ್ಟಿದ ಮನೆಯಲ್ಲೇ ಬೆಳೆದವ. ತವರು ಅಂದ್ರೆ ಏನು ಅಂತ ಯೋಚನೆ ಮಾಡುವ ಹೊತ್ತೇ ಬರಲಿಲ್ಲ. ಇಲ್ಲದವರಿಗೆ ಅದು ಏನು ಅಂತ ನಿನ್ನ ಫೋನ್ ಬಂದ ದಿನ ಗೊತ್ತಾಯ್ತು. ಕ್ಷಮಿಸು ಅಂತ ಕೇಳುವ ಮುಖ ಇಲ್ಲ ನನಗೆ."

"ಮತ್ತೆ ಇದೆಲ್ಲ ಯಾಕೆ ಮಾಡಿದೆ?"

"ಗಂಡಿನ ಕಡೆಯ ಬಳುವಳಿ."

ಬೇಡ ಬೇಡವೆಂದರೂ ಅವಳ ತುಟಿಯಂಚಿಗೆ ನಗು ಬಂತು.

"ಇನ್ನೊಂದು ಮಾತು. ಈ ಸಲ ಹೇಳುವುದಲ್ಲ, ಕೇಳುವುದು," ಎಂದ ಅವನು. "ನಾನು ವಾಗೆನಿಂಗನ್ನಿಗೆ ಬರಬಹುದಾ? ಆಫೀಸಿಗೆ ವಾರಕ್ಕೆ ಎರಡು ದಿನ ಹೋದ್ರೆ ಸಾಕು. ನನಗೆ ಬಸ್ಸು, ಟ್ರೈನು ಎಲ್ಲ ಉಂಟಲ್ಲ!"

"ಬಂದ ಮೇಲೆ ಚೆಂಡೆ ಯಾರ ಪರ?"

"ಅಯ್ಯೋ, ಅದೊಂದು ಮಾತ್ರ ಕೇಳ್ಬೇಡ ಮಾರಾಯ್ತಿ! ಅದು ಪೋಲ್ಡರಿಗೇ."

ಅವಳು ಗಟ್ಟಿಯಾಗಿ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು. ಅವನ ಪಕ್ಕದಲ್ಲಿ ಕೂತು ತಲೆಯನ್ನು ಭುಜಕ್ಕೆ ಆನಿಸಿದಳು.

"ಆದ್ರೆ ಒಂದು ತೊಂದರೆ ಉಂಟು ಅಶ್ವಿ. ನಿನ್ನ ಮನೆಯಲ್ಲಿ ಸ್ವಿಚ್ ಎಲ್ಲುಂಟು ಅಂತ ನನಗೆ ಗೊತ್ತಿಲ್ಲ. ಗೋಡೆ ಇಡೀ ತಡವಬೇಕು."

"ಬಾಗಿಲಿನ ಎಡಗಡೆ, ಸ್ವಲ್ಪ ಕೆಳಗೆ," ಎಂದಳು ಅವಳು, ಅವನ ಬೆರಳುಗಳನ್ನು ತನ್ನ ಬೆರಳಲ್ಲಿ ಹೆಣೆಯುತ್ತ. "ಗೊತ್ತಾಗುವವರೆಗೆ ನಾನೇ ಕೈ ಹಿಡಿದು ತೋರಿಸ್ತೇನೆ."