ಎರಡನೇ ಲೋಕದ ನೀಲಿ ಕೋಟು

ಊಟ ಮುಗಿಸಿ ಬಂದ ಟೈಲರ್, ತಾನೇ ಹೊಲಿದ ನೀಲಿ ಕೋಟನ್ನು ನೋಡಿ ನಿರ್ದೇಶಕರನ್ನು ಕೂಗಿದ. ಬೆನ್ನುದ್ದಕ್ಕೂ ಮೂರು ಗೀರು. ಒಂದೊಂದೂ ಒಂದೇ ಎಳೆತಕ್ಕೆ ಒಳಗಿನ ಅಸ್ತರಿನವರೆಗೆ ಇಳಿದಿತ್ತು.

ಆ ಟೀವಿ ಧಾರಾವಾಹಿಯಲ್ಲಿ ಒಬ್ಬಳೇ ನಾಯಕಿ ಎರಡು ಲೋಕಗಳಲ್ಲಿ ಬದುಕುತ್ತಾಳೆ. ಮೊದಲನೆಯದರಲ್ಲಿ ಅವಳಿಗೆ ಗಂಡನಿದ್ದಾನೆ. ಎರಡನೆಯದರಲ್ಲಿ ಅವನು ಎಂದೋ ಸತ್ತು ಗೋಡೆಯ ಫೋಟೋ ಆಗಿದ್ದಾನೆ. ಎರಡಕ್ಕೂ ಅದೇ ಅಡುಗೆಮನೆ, ಆದರೆ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು. ಸ್ಟುಡಿಯೋದ ಆ ತುದಿಗೊಂದು ಸೆಟ್ಟು, ಈ ತುದಿಗೊಂದು. ಕೋಟು ತೂಗುಹಾಕಿದ್ದು ಎರಡನೇ ಲೋಕದ ಸೆಟ್ಟಿನಲ್ಲಿ. ನಾಯಕಿ ನೀಲಿ ಕೋಟು ತೊಟ್ಟು ಎರಡನೇ ಲೋಕದಲ್ಲೇ ಉಳಿದುಬಿಡುವ ದೃಶ್ಯ ಅಂದು ಆಗಬೇಕಿತ್ತು. ಮುಂದಿನ ಕಂತುಗಳೆಲ್ಲ ಅಲ್ಲೇ.

"ಯಾರ ಕೆಲಸ ಇದು?" ಎಂದರು ನಿರ್ದೇಶಕರು.

"ಡೂಪ್ ಹುಡುಗಿ ಈ ಸೆಟ್ಟಿಂದ ಹೊರಗೆ ಹೋಗ್ತಿದ್ಲು. ಕೈಯಲ್ಲಿ ಕತ್ತರಿ ಇತ್ತು," ಎಂದ ಟೈಲರ್.

ನಾಯಕಿಯ ಬದಲು ಕ್ಯಾಮೆರಾಕ್ಕೆ ಬೆನ್ನು ತೋರಿಸಿ ನಿಲ್ಲುವವಳು ಆಕೆ. "ನನ್ನ ಮುಖ ಏನು ಪಾಪ ಮಾಡಿದೆ?" ಎಂದು ಎಲ್ಲರೆದುರೂ ಗೊಣಗಿದವಳು. ಅವಳಿಗೆ ಹೊಟ್ಟೆಕಿಚ್ಚು ಎಂದರೆ ಯಾರಾದರೂ ನಂಬುವಂತಿತ್ತು. ಅವಳು ಎಷ್ಟು ಅಲ್ಲಗಳೆದರೂ, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದುಬಿಟ್ಟರು ನಿರ್ದೇಶಕರು.

"ಒಂದ್ಸಲ ನಾನು ನೋಡ್ತೀನಿ ಇರಿ," ಎಂದಳು ನೆನಪಕ್ಕ.

ಯಾವ ದೃಶ್ಯದಲ್ಲಿ ಯಾವ ಲೋಟ ಎಲ್ಲಿತ್ತು ಎಂದು ಬರೆದಿಡುವುದು ನೆನಪಕ್ಕನ ಉದ್ಯೋಗ. ಸ್ಟುಡಿಯೋದಲ್ಲಿ ಕಳೆದದ್ದು, ಕದ್ದದ್ದು, ಮುಚ್ಚಿಟ್ಟದ್ದನ್ನೆಲ್ಲ ಪತ್ತೆ ಹಚ್ಚುವುದು ಅವಳ ಚಟ. ಹನ್ನೆರಡು ವರ್ಷ ಅವಳ ಬಾಲದಂತೆ ತಿರುಗಿದವನು ಟೈಲರ್. ಎರಡು ತಿಂಗಳಿಂದ ಆ ಜಾಗ ಡೂಪ್ ಹುಡುಗಿಯದಾಗಿತ್ತು. ಅಕ್ಕ ಅವಳಿಗೆ ಕೆಲಸ ಕಲಿಸುತ್ತಿದ್ದಳು, ಟೀ ಕುಡಿಯುವುದೂ ಅವಳ ಜೊತೆಗೇ. ಅದನ್ನು ನೋಡಿದಾಗಲೆಲ್ಲ ಟೈಲರನ ಹೊಟ್ಟೆ ಉರಿಯುತ್ತಿತ್ತು.

"ಬಾರೋ," ಎಂದು ಅಕ್ಕ ಕರೆದದ್ದೇ ತಡ, ಹಿಗ್ಗಿನಿಂದ ಹಿಂದೆಯೇ ಹೋದ. ಎರಡನೇ ಲೋಕದ ಕಿಟಕಿಯಿಲ್ಲದ ಸೆಟ್ಟಿನಲ್ಲಿ ಹಗಲಲ್ಲೂ ಕತ್ತಲೆ. ಅಕ್ಕ ಬಾಗಿಲ ಎಡಕ್ಕೆ ಕೈಚಾಚಿ ದೀಪ ಹಾಕಿದಳು. ಬಲಕ್ಕೆ ನೋಡಿ ನಿಂತಳು. ಅಲ್ಲಿ ಬರಿಗೋಡೆಯ ಮೇಲೆ ತಡಕಾಡಿದ ಬೆರಳುಗಳ ಗುರುತು, ಮೇಕಪ್ಪಿನ ಬಣ್ಣದ್ದು. ಆಮೇಲೆ ಕೋಟಿನ ಗೀರುಗಳನ್ನು ಸವರಿ ನೋಡಿದಳು. ಆಗ ಮಧ್ಯಾಹ್ನ ಎರಡು ಗಂಟೆ.

ಸಂಜೆ ಐದಕ್ಕೆ ಎಲ್ಲರನ್ನೂ ಅಲ್ಲೇ ಸೇರಿಸಿದಳು.

"ಈ ಗುರುತು ಬೆಳಿಗ್ಗೆ ಇರ್ಲಿಲ್ಲ. ನಾನು ತೆಗೆದಿಟ್ಟ ಫೋಟೋ ಇದೆ. ಮುಖ ತೋರಿಸದ ಹುಡುಗಿಗೆ ಯಾರೂ ಮೇಕಪ್ ಹಾಕಲ್ಲ. ಮೇಕಪ್ ಮಾಡೋರು ಊಟಕ್ಕೆ ನನ್ನ ಪಕ್ಕದಲ್ಲೇ ಕೂತಿದ್ರು. ಇವತ್ತು ಮೇಕಪ್ ಹಾಕ್ಕೊಂಡೋರು ಇಬ್ಬರೇ: ನಾಯಕಿ, ಅವಳ ಗಂಡನ ಪಾತ್ರದೋರು. ನಾಯಕಿ ಎರಡೂ ಅಡುಗೆಮನೇಲಿ ನೂರು ಸಲ ದೀಪ ಹಾಕಿದಾಳೆ. ಇಲ್ಲಿ ಬಲಕ್ಕೆ ತಡಕಾಡೋರು ಅಂದ್ರೆ, ಮೊದಲನೇ ಲೋಕದಲ್ಲಿ ಬಲಕ್ಕಿರೋ ಸ್ವಿಚ್ಚು ಮಾತ್ರ ಗೊತ್ತಿರೋರು. ಈ ಲೋಕದಲ್ಲಿ ಸತ್ತಿರೋದ್ರಿಂದ ಒಂದು ದಿನವೂ ಇಲ್ಲಿಗೆ ಕಾಲಿಡದೋರು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಗಂಡನ ಪಾತ್ರಧಾರಿ ಅಂಗೈ ನೋಡಿಕೊಂಡ.

"ನೋಡೋರು ಹೊಗಳೋದೆಲ್ಲ ಈ ಲೋಕಾನೇ," ಎಂದ ಕೊನೆಗೆ. "ನಾನಿಲ್ದೆ ಅವಳು ಸುಖವಾಗಿರೋ ಲೋಕ. ನನಗೆ ಸಹಿಸಕ್ಕಾಗ್ಲಿಲ್ಲ. ಕೋಟು ಹಾಳಾದ್ರೆ ಕತೆ ಬದಲಾಯಿಸ್ತೀರ ಅಂದ್ಕೊಂಡು ಬ್ಲೇಡ್ ಹಾಕ್ದೆ."

"ಬ್ಲೇಡಾ? ಕತ್ತರಿ ಅಂದ್ರಲ್ಲ?" ನಿರ್ದೇಶಕರು ಟೈಲರನತ್ತ ತಿರುಗಿದರು.

"ಬ್ಲೇಡು ಅಂತ ಇವನಿಗೆ ನೋಡಿದ ತಕ್ಷಣ ಗೊತ್ತು," ಎಂದಳು ನೆನಪಕ್ಕ. "ಕತ್ತರಿ ಹಾದ ಕಡೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ ಅಂತ ನನಗೆ ಹೇಳ್ಕೊಟ್ಟೋನೇ ಇವನು."

ಟೈಲರ್ ನೆನಪಕ್ಕನ ಹತ್ತಿರ ಬಂದ.

"ಕತ್ತರಿ ನೋಡ್ಲಿಲ್ಲ. ಅವಳನ್ನೂ ನೋಡ್ಲಿಲ್ಲ. ಅಕ್ಕಾ, ಅವಳೊಬ್ಬಳು ಹೋದ್ರೆ ಮೊದಲಿನ ಹಾಗೆ ನೀನು ನನ್ನ ಜೊತೆ..."

ಡೂಪ್ ಹುಡುಗಿ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ನೆನಪಕ್ಕ ಅವಳ ಹೆಗಲ ಮೇಲೆ ಕೈಯಿಟ್ಟು, ಟೈಲರನನ್ನು ನೋಡಿದಳು.

"ಎರಡು ಗಂಟೆಗೇ ನನಗೆ ಎಲ್ಲ ಗೊತ್ತಾಗಿತ್ತು ಕಣೋ. ಐದರವರೆಗೂ ಕಾದದ್ದು, ನೀನೇ ಬಂದು ಹೇಳ್ತೀಯ ಅಂತ."